ಬೀರುವಿನ ಮುಂದಿನ ಬಾನುಲಿ

ನಮ್ಮ ಇಂಟರ್ನೆಟ್ ರೇಡಿಯೊ ಸ್ಟೇಷನ್ ಇರುವುದು ಮಲಗುವ ಕೋಣೆಯ ಬೀರುವಿನ ಮುಂದೆ. ಬೀರುವಿನ ಎರಡೂ ಬಾಗಿಲು ತೆರೆದು, ಸೀರೆಗಳ ಕಡೆ ಮುಖ ಮಾಡಿ ಕೂತು ಮಾತಾಡಬೇಕು. ಗೋಡೆಗೆ ಹೊಡೆದು ವಾಪಸ್ ಬರುವ ದನಿಯನ್ನು ರೇಷ್ಮೆ ಸೀರೆಗಿಂತ ಕಾಟನ್ ಸೀರೆ ಚೆನ್ನಾಗಿ ನುಂಗುತ್ತದೆ ಎನ್ನುವುದು ನನ್ನ ಸ್ವಂತ ಸಂಶೋಧನೆ. ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಅದರ ಕಿರ್ ಕಿರ್ ಅಮೆರಿಕದವರೆಗೂ ಕೇಳುತ್ತದೆ. ಏಪ್ರಿಲ್ ತಿಂಗಳ ರಾತ್ರಿ ಒಂಬತ್ತಕ್ಕೆ ನಾನು "ನಮಸ್ಕಾರ ಕೇಳುಗರೇ" ಅನ್ನುವಾಗ ಹಣೆಯಿಂದ ಇಳಿಯುವ ಬೆವರು ಪುಣ್ಯಕ್ಕೆ ಯಾರಿಗೂ ಕೇಳುವುದಿಲ್ಲ.

ಮೈಸೂರಿಗೆ ಈ ಹುಚ್ಚು ಹೊಸದಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಲ್ಲಿ, ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ್ದರು. ಆ ಸ್ಟೇಷನ್ನಿಗೆ ಇದ್ದ ಹೆಸರೇ ಆಕಾಶವಾಣಿ. ಇದನ್ನು ನಮ್ಮತ್ತೆಗೆ ಹೇಳಿ ಒಪ್ಪಿಸೋಣ ಅಂದುಕೊಂಡೆ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವರ ಮನೇಲಿ ಸಾರಿಗೆ ಒಗ್ಗರಣೆ ಯಾರು ಹಾಕ್ತಿದ್ರಂತೆ?" ಅಂದರು. ನಾನು ಎದ್ದು ಹೋಗಿ ಒಗ್ಗರಣೆ ಹಾಕಿದೆ.

ನಾವು ಹಾಕುವುದು ಯಾರೂ ಕೇಳದ ಹಾಡುಗಳನ್ನು ಮಾತ್ರ. ಇದರಲ್ಲಿ ಅರ್ಧ ಆದರ್ಶ, ಇನ್ನರ್ಧ ಬಡತನ. ಎಫ್‌ಎಂನವರಿಗೆ ಕಾನೂನಿನಲ್ಲಿ ಒಂದು ದಾರಿ ಇದೆ. ನಿಗದಿಯಾದ ರಾಯಲ್ಟಿ ಕಟ್ಟಿ ಸಿನಿಮಾ ಹಾಡು ಹಾಕಬಹುದು. ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಆ ದಾರಿ ಇಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು. ಹಾಗಾಗಿ ತಾವೇ ಬರೆದು, ತಾವೇ ಹಾಡಿ, "ಹಾಕ್ಕೊಳ್ಳಿ ಮೇಡಂ" ಅಂತ ಬರೆದು ಕೊಟ್ಟವರೇ ನಮಗೆ ಗತಿ. ಕಾಲೇಜು ಹುಡುಗರ ಬ್ಯಾಂಡು, ತತ್ವಪದ ಹಾಡುವ ಮೇಷ್ಟ್ರು, ಭಜನಾ ಮಂಡಳಿ, ಗಿಟಾರ್ ಕಲಿತು ಮೂರು ವಾರವಾದ ಸಾಫ್ಟ್‌ವೇರ್ ಎಂಜಿನಿಯರು. ಇವರಲ್ಲಿ ಕೆಲವರು ಎಷ್ಟು ಚೆನ್ನಾಗಿ ಹಾಡುತ್ತಾರೆಂದರೆ ಕೈಯಲ್ಲಿದ್ದ ಕಾಫಿ ಆರಿಹೋಗುತ್ತದೆ. ಇನ್ನು ಕೆಲವರನ್ನು ಲೋಕ ಇನ್ನೂ ಗುರುತಿಸಿಲ್ಲ ಅಂದರೆ ಅದು ಪೂರ್ತಿ ಲೋಕದ ತಪ್ಪಲ್ಲ.

ಹಾಡುಗಳು ಬರುವುದು ವಾಟ್ಸಾಪ್‌ನಲ್ಲಿ. ಒಬ್ಬ ಹುಡುಗ ಮೂರು ಫೈಲ್ ಕಳಿಸಿದ್ದ. ಒಂದರ ಹೆಸರು "ಫೈನಲ್", ಇನ್ನೊಂದು "ಫೈನಲ್ ಹೊಸದು", ಮತ್ತೊಂದು "ಫೈನಲ್ ಇದೇ". ನಾನು ಅವಸರದಲ್ಲಿ ಮಧ್ಯದ್ದನ್ನು ಹಾಕಿದೆ. ಎರಡನೇ ಚರಣದವರೆಗೂ ಸೊಗಸಾಗಿತ್ತು. ಅಲ್ಲಿ ಹಾಡು ಗಕ್ಕನೆ ನಿಂತು, "ಥೂ, ಮತ್ತೆ ತಪ್ಪಿತಲ್ಲೋ, ಫ್ಯಾನ್ ಆಫ್ ಮಾಡೋ ಕತ್ತೆ" ಎಂಬ ಸಾಹಿತ್ಯ ಬಂತು. ಆ ಕತ್ತೆಯ ತಾಯಿಯೂ ಕೇಳುತ್ತಿದ್ದರಂತೆ.

ಆದರೆ ದೊಡ್ಡ ಪೀಡೆ ಎಂದರೆ ತಡ. ನಾನು ಇಲ್ಲಿ ಆಡಿದ ಮಾತು ಬಾಡಿಗೆ ಸರ್ವರ್‌ಗೆ ಹೋಗಿ, ಅಲ್ಲಿಂದ ಕೇಳುಗರ ಫೋನಿಗೆ ಬಂದು, ಬಫರ್‌ನಲ್ಲಿ ಸ್ವಲ್ಪ ಸುಧಾರಿಸಿಕೊಂಡು ಹೊರಬೀಳುವಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ. ಮೊದಲ ವಾರ ನಮ್ಮನೆಯವರು ಹಾಲ್‌ನಲ್ಲಿ ಫೋನ್ ಜೋರು ಮಾಡಿಕೊಂಡು ಅಭಿಮಾನದಿಂದ ಕೇಳುತ್ತಿದ್ದರು. ಅರ್ಧ ನಿಮಿಷ ಹಳೆಯ ನಾನು ಬಾಗಿಲ ಸಂದಿಯಿಂದ ಬಂದು ಮೈಕಿಗೆ ಬಿದ್ದೆ. ಇನ್ನರ್ಧ ನಿಮಿಷಕ್ಕೆ ಮತ್ತೊಮ್ಮೆ ಬಂದೆ. ಅಷ್ಟರಲ್ಲಿ ಕುಕ್ಕರ್ ಒಂದು ಸಲ ಕೂಗಿತು. ಮುಂದಿನ ಎರಡು ನಿಮಿಷ ಆ ಒಂದೇ ಕೂಗು ಸುತ್ತಿ ಸುತ್ತಿ ಬರುತ್ತಿತ್ತು. ಅತ್ತೆ ಅದನ್ನೂ ಲೆಕ್ಕ ಹಾಕಿ ಐದನೇ ಸೀಟಿಗೆ ಗ್ಯಾಸ್ ಆರಿಸಿದರು. ಅವತ್ತು ಬೇಳೆ ಬೇಯಲಿಲ್ಲ.

ಜಾಹೀರಾತು ಇಲ್ಲ ಎನ್ನುವುದು ನಮ್ಮ ಹಠ. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ರೇಡಿಯೊ ಸೋಮ ಎಫ್‌ಎಂ 2000ದಿಂದ ಕೇಳುಗರ ದುಡ್ಡಿನಲ್ಲೇ ನಡೆಯುತ್ತಿದೆ. ಅವರ ಕೈಲಿ ಆಗಿದ್ದು ನಮ್ಮ ಕೈಲಿ ಆಗಲ್ವಾ? ಕ್ಯೂಆರ್ ಕೋಡ್ ಹಾಕಿದೆವು. ಮೊದಲ ದಿನ ಒಂದೊಂದು ರೂಪಾಯಿ ಆರು ಸಲ ಬಂತು. ಕೋಡ್ ಕೆಲಸ ಮಾಡುತ್ತಾ ಅಂತ ಎಲ್ಲರೂ ಪರೀಕ್ಷೆ ಮಾಡಿದ್ದರು. ಮಾಡುತ್ತೆ ಅಂತ ಖಾತ್ರಿಯಾದ ಮೇಲೆ ಸುಮ್ಮನಾದರು. ಆಮೇಲೆ ನಿಧಾನಕ್ಕೆ ಐವತ್ತೊಂದು, ನೂರಾ ಒಂದು ಬರತೊಡಗಿದವು. ಮದುವೆ ಮುಯ್ಯಿಯ ಹಾಗೆ ಎಲ್ಲಕ್ಕೂ ಹಿಂದೆ ಒಂದೊಂದು ರೂಪಾಯಿ. ಕೊಟ್ಟವರ ಹೆಸರನ್ನು ರಾತ್ರಿ ಓದುತ್ತೇನೆ. ಒಬ್ಬರು ಐನೂರು ಕಳಿಸಿ ಒಂದು ಸಾಲು ಬರೆದಿದ್ದರು. ನಾನು ಅವರ ಹೆಸರು, ಊರು ಎಲ್ಲ ಓದಿ, ಅದೇ ಉಸಿರಿನಲ್ಲಿ "ದಯವಿಟ್ಟು ಹೆಸರು ಹೇಳಬೇಡಿ, ನನ್ನ ಹೆಂಡತಿಯೂ ಕೇಳ್ತಾಳೆ" ಅನ್ನುವುದನ್ನೂ ಓದಿಬಿಟ್ಟೆ. ಅವರಿಂದ ಆಮೇಲೆ ದುಡ್ಡು ಬಂದಿಲ್ಲ. ಅವರ ಹೆಂಡತಿ ಮಾತ್ರ ಈಗಲೂ ಕೇಳುತ್ತಾರೆ.

ನಮ್ಮ ಕೇಳುಗರ ಸಂಖ್ಯೆ ಒಂಬತ್ತರಿಂದ ನಲವತ್ತರ ನಡುವೆ ಓಲಾಡುತ್ತದೆ. ಆದರೆ ಒಬ್ಬರು ಮಾತ್ರ ಕದಲುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ನೋಡಿದರೂ ಇದ್ದರು. ಹಬ್ಬದ ದಿನವೂ ಇದ್ದರು. ಇಂಥ ಒಬ್ಬ ಕೇಳುಗರಿಗಾಗಿಯೇ ಅಲ್ವಾ ರೇಡಿಯೊ ನಡೆಸುವುದು ಅಂತ ನನ್ನ ಗಂಟಲು ಕಟ್ಟಿಬರುತ್ತಿತ್ತು. "ನಿದ್ದೆಯಿಲ್ಲದ ಆ ಅಜ್ಞಾತ ಬಂಧುವಿಗೆ" ಅಂತ ಹಾಡೊಂದನ್ನು ಅರ್ಪಿಸಿಯೂ ಆಯಿತು. ತಿಂಗಳ ಕೊನೆಗೆ ಸರ್ವರ್ ಲೆಕ್ಕ ನೋಡಿದೆವು. ನಮ್ಮ ದನಿ ಹರಿಯುವ ವೇಗವಾದ 128 ಕೆಬಿಪಿಎಸ್‌ನಲ್ಲಿ ಒಬ್ಬರು ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ. ಈ ಬಂಧು ಒಬ್ಬರೇ ತಿಂಗಳಿಗೆ 40 ಜಿಬಿಗೂ ಮೇಲೆ ಕುಡಿದಿದ್ದರು. ಸಂಪರ್ಕ ಎಲ್ಲಿಯದು ಅಂತ ಹೇಳುವ ಐಪಿ ವಿಳಾಸ ನೋಡಿದ ನಮ್ಮನೆಯವರು ಮಾತಾಡದೆ ಅಡುಗೆಮನೆಗೆ ಹೋದರು. ಅಕ್ಕಿ ಡಬ್ಬದ ಹಿಂದಿನಿಂದ ಹಳೆಯ ಟ್ಯಾಬ್ ಎತ್ತಿಕೊಂಡು ಬಂದರು. ಚಾರ್ಜರ್ ಸಿಕ್ಕಿಸಿಕೊಂಡೇ ಇತ್ತು. ಸೌಂಡ್ ಸೊನ್ನೆ. "ಸೀರಿಯಲ್ ಟೈಮಿಗೆ ಕಡಿಮೆ ಮಾಡಿದ್ದೆ, ಆಮೇಲೆ ಮರೆತೇ ಹೋಯ್ತು" ಅಂದರು ಅತ್ತೆ.

ಹೋಗಲಿ, ಮುಖ್ಯವಾದದ್ದು ಇನ್ನೂ ಇದೆ.

ನಮ್ಮ ಸರ್ವರ್‌ನಲ್ಲಿ ಓಡುವುದು ಐಸ್‌ಕಾಸ್ಟ್ ಎಂಬ ಪುಕ್ಕಟೆ ಸಾಫ್ಟ್‌ವೇರ್. ಮನೆಯಿಂದ ಹೋಗುವ ದನಿ ನಿಂತುಹೋದರೆ ಮೌನ ಆಗಬಾರದು ಅಂತ ಅದರಲ್ಲಿ ಒಂದು ಬದಲಿ ಫೈಲ್ ಇಡಬಹುದು. ಏನಿಡೋದು ಅಂತ ಯೋಚಿಸಲು ಪುರುಸೊತ್ತಿರಲಿಲ್ಲ. ಮೈಕ್ ತಂದ ದಿನ ಪರೀಕ್ಷೆಗೆಂದು ಅತ್ತೆಯ ಕೈಲಿ ಹಾಡಿಸಿದ ಹಸೆಗೆ ಕರೆಯುವ ಹಾಡಿತ್ತು. ನಾಲ್ಕು ನಿಮಿಷದ್ದು. ಸದ್ಯಕ್ಕೆ ಇರಲಿ ಅಂತ ಅದನ್ನೇ ಇಟ್ಟೆ.

ಒಂದು ಭಾನುವಾರ ಎಲ್ಲರೂ ಅರಸೀಕೆರೆಗೆ ಮದುವೆಗೆ ಹೋಗಿದ್ದೆವು. ಇಲ್ಲಿ ಮಳೆ ಬಂದು ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಲ್ಯಾಪ್‌ಟಾಪ್ ಓಡುತ್ತಲೇ ಇತ್ತು. ರೂಟರ್ ಮಾತ್ರ ಯುಪಿಎಸ್ ಇಲ್ಲದ ಪ್ಲಗ್‌ನಲ್ಲಿತ್ತು. ಆರು ಗಂಟೆ ಕರೆಂಟ್ ಇರಲಿಲ್ಲ. ಅಂದರೆ ಅತ್ತೆ ತೊಂಬತ್ತು ಸಲ ಮದುಮಗಳನ್ನು ಹಸೆಗೆ ಕರೆದರು. ಇತ್ತ ಮದುವೆಮನೆಯಲ್ಲಿ ಅವರು ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುತ್ತಿದ್ದರು.

ವಾಪಸ್ ಬಂದು ಫೋನ್ ನೋಡಿದರೆ ಮೆಸೇಜುಗಳ ಸುರಿಮಳೆ. ಬೈಗುಳ ಇರಬೇಕು ಅಂತ ಹೆದರಿಕೊಂಡೇ ತೆರೆದೆ. "ಯಾರು ಈ ಕಲಾವಿದೆ?" "ಇಡೀ ದಿನ ಇವರಿಗೇ ಮೀಸಲಿಟ್ಟ ನಿಮ್ಮ ಧೈರ್ಯಕ್ಕೆ ನಮಸ್ಕಾರ." ನ್ಯೂಜೆರ್ಸಿಯ ಒಬ್ಬರಿಗೆ ಅವರ ಅಜ್ಜಿ ನೆನಪಾಗಿ ಅತ್ತುಬಿಟ್ಟರಂತೆ. ಅವತ್ತು ಬಂದಷ್ಟು ದುಡ್ಡು ಹಿಂದಿನ ಎರಡು ತಿಂಗಳು ಸೇರಿಸಿದರೂ ಬಂದಿರಲಿಲ್ಲ. ಮೆಸೇಜುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅತ್ತೆ ಬಿಗುಮಾನದಿಂದ ಕೇಳಿಸಿಕೊಂಡು, "ಶ್ರುತಿ ಸ್ವಲ್ಪ ಮೇಲಾಯ್ತು ಅಂತ ಯಾರೂ ಬರೀಲಿಲ್ವಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಅವರಿಗೇನೂ ಗೊತ್ತಾಗಲ್ಲ ಬಿಡು" ಅಂದರು. ಆದರೆ ಮಲಗುವ ಮುಂಚೆ ನ್ಯೂಜೆರ್ಸಿಯದನ್ನು ಇನ್ನೊಂದು ಸಲ ಓದಿಸಿದರು.

ರೂಟರನ್ನು ಈಗ ಯುಪಿಎಸ್‌ಗೆ ಸೇರಿಸಿದ್ದೇವೆ. ಅತ್ತೆಯ ಹಾಡುಗಳಿಗೆ ಶನಿವಾರ ಬೇರೆಯೇ ಹೊತ್ತು ಕೊಡುತ್ತೇನೆ ಅಂದರೆ, "ಅಯ್ಯೋ, ನಂಗ್ಯಾಕೆ ಅದೆಲ್ಲ" ಅಂತ ಒಪ್ಪಲಿಲ್ಲ. ಮೋಡ ಕವಿದಾಗ ಮಾತ್ರ ಬಾಲ್ಕನಿಗೆ ಹೋಗಿ ಆಕಾಶ ನೋಡಿ, "ಬರೋ ಹಾಗಿದೆ ಅಲ್ವೇನೇ?" ಅನ್ನುತ್ತಾರೆ.

ಕಳೆದ ವಾರ ರಾತ್ರಿ ಹುಬ್ಬಳ್ಳಿ ಹುಡುಗರ ಡ್ರಮ್ ಜೋರಾಗಿ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಲೈನ್ ಕಡಿದುಹೋಯಿತು. ಕರೆಂಟ್ ಇದೆ, ಮಳೆ ಇಲ್ಲ. ಹಾಲ್‌ಗೆ ಬಂದು ನೋಡಿದರೆ ರೂಟರ್ ಪ್ಲಗ್ ಕೆಳಗೆ ಬಿದ್ದಿದೆ. ಪಕ್ಕದ ಕುರ್ಚಿಯಲ್ಲಿ ಅತ್ತೆ ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಾರೆ. ಮೊಬೈಲ್ ಡೇಟಾ ಆನ್ ಮಾಡುವುದನ್ನು ಯಾವಾಗ ಕಲಿತರೋ.

ನನ್ನ ನೆರಳು ಬಿದ್ದದ್ದಕ್ಕೆ ಕಣ್ಣು ಬಿಟ್ಟರು.

"ಮಿಕ್ಸಿಗೆ ಪ್ಲಗ್ ಬೇಕಾಗಿತ್ತು ಕಣೇ" ಅಂದರು.

ಮಿಕ್ಸಿ ಅಡುಗೆಮನೆಯಲ್ಲಿತ್ತು.