ಕಳ್ಳದಾರಿಯಲ್ಲಿ ಬಂದ ಸುವಾರ್ತೆಯನ್ನು ಪ್ರಕಟಿಸಬೇಕೇ?

1970ರ ದಶಕದಲ್ಲಿ ಈಜಿಪ್ಟಿನ ಮಿನ್ಯಾ ಕಡೆ ಯಾರೋ ನೆಲದಿಂದ ತೆಗೆದ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಪುಸ್ತಕವೊಂದು ಕಳ್ಳದಾರಿಯಲ್ಲಿ ದೇಶ ಬಿಟ್ಟಿತು. ಅದರಲ್ಲಿದ್ದ ‘ಯೂದನ ಸುವಾರ್ತೆ’, ಅಂದ್ರೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಹೆಸರಿನಲ್ಲಿರುವ ಯೇಸುವಿನ ಕಥೆ, 2006ರಲ್ಲಿ ಪ್ರಕಟವಾಯಿತು. ಇಂಥದ್ದನ್ನು ವಿದ್ವಾಂಸರು ಮುಟ್ಟಬಹುದೇ?

ಪರ

ಮುಟ್ಟದೇ ಇದ್ದಾಗ ಏನಾಯಿತು ಅಂತ ಮೊದಲು ನೋಡಿ. 1983ರಲ್ಲಿ ಜಿನೀವಾದಲ್ಲಿ ವ್ಯಾಪಾರಿ 30 ಲಕ್ಷ ಡಾಲರ್ ಕೇಳಿದ. ನೋಡಲು ಹೋದ ವಿದ್ವಾಂಸರ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಆಮೇಲೆ ಪುಸ್ತಕ ನ್ಯೂಯಾರ್ಕ್ ಹತ್ತಿರದ ಬ್ಯಾಂಕ್ ಲಾಕರಿನಲ್ಲಿ 16 ವರ್ಷ ಕೊಳೆಯಿತು. ಮುಂದೆ ಇನ್ನೊಬ್ಬ ವ್ಯಾಪಾರಿ ಅದನ್ನು ಫ್ರೀಜರಿನಲ್ಲಿಟ್ಟ! ಸಾವಿರದ ಐನೂರಕ್ಕೂ ಜಾಸ್ತಿ ವರ್ಷ ನೆಲ ಕಾಪಾಡಿದ್ದನ್ನು ಮನುಷ್ಯರು ಮೂವತ್ತೇ ವರ್ಷದಲ್ಲಿ ಹಪ್ಪಳದ ಚೂರು ಮಾಡಿದರು. ಸ್ವಿಸ್ ವಿದ್ವಾಂಸ ರೊಡಾಲ್ಫ್ ಕಾಸ್ಸರ್ ಮತ್ತು ಜೊತೆಗಾರರು ಆ ಚೂರುಗಳನ್ನು ಒಂದೊಂದಾಗಿ ಹೊಂದಿಸಿ ಪುಟ ಮಾಡಿದರು. ಅವರು ಕೈ ಹಾಕದಿದ್ದರೆ ಉಳಿಯುತ್ತಿದ್ದದ್ದು ಬರೀ ಪುಡಿ.

ಕ್ರಿ.ಶ. ಸುಮಾರು 180ರಲ್ಲಿ ಲಿಯಾನ್‌ನ ಬಿಷಪ್ ಐರೇನಿಯಸ್ ಈ ಸುವಾರ್ತೆಯನ್ನು ಕಟ್ಟುಕಥೆ ಅಂತ ಬೈದಿದ್ದ. ಅಲ್ಲಿಂದ ಈಚೆಗೆ ನಮಗೆ ಕೇಳಿದ್ದು ಬೈದವರ ಮಾತು ಮಾತ್ರ. ಬೈಸಿಕೊಂಡವರ ಮಾತೂ ಕೇಳಬೇಕಲ್ವಾ? ಇಲ್ಲಿನ ಯೇಸು, ರೊಟ್ಟಿಯ ಮುಂದೆ ಕೂತು ಪ್ರಾರ್ಥಿಸುವ ಶಿಷ್ಯರನ್ನು ನೋಡಿ ನಗುತ್ತಾನೆ. ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಅವನು ನಕ್ಕ ಒಂದು ಸಾಲೂ ಇಲ್ಲ. ಅದೊಂದು ನಗುವಿಗಾಗಿಯಾದರೂ ಇದನ್ನು ಓದಬೇಕು.

1945ರಲ್ಲಿ ಈಜಿಪ್ಟಿನದೇ ನಾಗ್ ಹಮ್ಮಾದಿಯಲ್ಲಿ ರೈತರಿಗೆ ಸಿಕ್ಕ ಇಂಥದೇ ಹಳೆಯ ಪುಸ್ತಕಗಳೂ ವ್ಯಾಪಾರಿಗಳ ಕೈಗೆ ಬಿದ್ದಿದ್ದವು. ಅದರಲ್ಲೊಂದು ಹೊರದೇಶಕ್ಕೆ ಹೋಯಿತು. 1952ರಲ್ಲಿ ಜ್ಯೂರಿಕ್‌ನ ಮನಶ್ಶಾಸ್ತ್ರಜ್ಞ ಯೂಂಗ್ ಹೆಸರಿನ ಸಂಸ್ಥೆಗೆಂದು ಅದನ್ನು ಕೊಂಡರು, ಓದಿದರು, ಕೊನೆಗೆ ಕೈರೋಗೆ ಹಿಂದಿರುಗಿಸಿದರು.

ವಿರೋಧ

ಪುಸ್ತಕ ಉಳಿಯಿತು, ಸರಿ. ಅದು ಇದ್ದ ಜಾಗ? ಯಾರ ಸಮಾಧಿ, ಪಕ್ಕದಲ್ಲಿ ಏನಿತ್ತು, ಅದನ್ನು ಓದುತ್ತಿದ್ದವರು ಯಾರು, ಇದೆಲ್ಲ ಅಗೆದವನ ಹಾರೆಗೇ ಹೋಯಿತು. ಒಂದು ಪ್ರತಿಗೆ ಇಷ್ಟು ಹೆಸರು, ಇಷ್ಟು ಬೆಲೆ ಬಂತು ಅಂದ್ರೆ ಹಾರೆ ಹಿಡಿದವನು ಸುಮ್ನೆ ಕೂರುತ್ತಾನಾ?

ನನಗೆ ಜಾಸ್ತಿ ನೋವಾಗುವುದು ಓದಿದ ರೀತಿಗೆ. ಕೆಲವೇ ಜನ, ಬಾಯಿ ಬಿಡುವುದಿಲ್ಲ ಅಂತ ಸಹಿ ಹಾಕಿ ಓದಿದರು. ಬೇರೆಯವರಿಗೆ ತಪ್ಪು ತೋರಿಸಲು ದಾರಿಯೇ ಇರಲಿಲ್ಲ. ಯೇಸು ಒಂದು ಕಡೆ ಯೂದನನ್ನು ಹದಿಮೂರನೆಯ ‘ಡೈಮೋನ್’ ಅಂತ ಕರೆಯುತ್ತಾನೆ. ಇದನ್ನು ಪ್ರಕಟಿಸಿದ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ಅನುವಾದದಲ್ಲಿ ಅದು ‘ಚೇತನ’ ಆಯಿತು. ಯೂದ ದ್ರೋಹಿಯಲ್ಲ, ಆಪ್ತ ಶಿಷ್ಯ ಅಂತ ಊರೆಲ್ಲ ಸುದ್ದಿ. ಮರುವರ್ಷವೇ ಏಪ್ರಿಲ್ ಡಿಕಾನಿಕ್ ಎಂಬ ವಿದ್ವಾಂಸೆ ತಕರಾರು ತೆಗೆದರು: ಇಂಥ ಬರಹಗಳಲ್ಲಿ ಆ ಪದ ಅಂದ್ರೆ ದೆವ್ವ. ದೆವ್ವ ಅಂತ ಓದಿ ನೋಡಿ, ಇಡೀ ಕಥೆ ತಲೆಕೆಳಗಾಗುತ್ತದೆ. ಈ ಜಗಳ ಅಚ್ಚಿಗೆ ಮುಂಚೆಯೇ ಆಗಬೇಕಿತ್ತು.

ಇನ್ನು ನಕಲಿಯ ಭಯ. 2012ರಲ್ಲಿ ಹಾರ್ವರ್ಡ್‌ನ ಕ್ಯಾರೆನ್ ಕಿಂಗ್ ಒಂದು ಪುಟ್ಟ ಪಪೈರಸ್ ಚೂರು ತೋರಿಸಿದರು. ಅದರಲ್ಲಿ ಯೇಸು ‘ನನ್ನ ಹೆಂಡತಿ’ ಅನ್ನುತ್ತಾನೆ. ಪರೀಕ್ಷೆಯಲ್ಲಿ ಪಪೈರಸ್ ಹಳೆಯದೇ ಅಂತ ಬಂತು. 2016ರಲ್ಲಿ ಒಬ್ಬ ಪತ್ರಕರ್ತ ಮಾತ್ರ ಬೇರೆ ದಾರಿ ಹಿಡಿದ. ಚೂರನ್ನು ಬಿಟ್ಟು ಅದರ ಮಾಲೀಕನ ಹಿಂದೆ ಹೋದ, ಕಾಗದಪತ್ರ ಕೆದಕಿದ. ಅದನ್ನು ಓದಿದ ಮೇಲೆ ಕಿಂಗ್ ಅವರೇ ಇದು ಬಹುಶಃ ನಕಲಿ ಅಂತ ಒಪ್ಪಿಕೊಂಡರು.