‘ಯೋಧರಿಗೆ ರಿಯಾಯಿತಿ’ ಬೋರ್ಡಿನಲ್ಲಿ ಇನ್ನೊಂದು ಸಾಲು ಇರಲಿ

ಹೋಟೆಲ್, ಬಟ್ಟೆ ಅಂಗಡಿ, ಕ್ಲಿನಿಕ್, ಸಲೂನ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ ಇದೆ. ‘ಯೋಧರಿಗೆ ವಿಶೇಷ ರಿಯಾಯಿತಿ’ ಅಂತ ಬೋರ್ಡ್ ಹಾಕಿದ್ದೀರಿ. ಒಳ್ಳೆಯ ಕೆಲಸ. ಯಾವ ಕಾನೂನೂ ನಿಮಗೆ ಹಾಗೆ ಹೇಳಿಲ್ಲ, ಯಾರೂ ಬಂದು ಒತ್ತಾಯ ಮಾಡಿಲ್ಲ. ಸ್ವಂತ ಲಾಭದಲ್ಲಿ ಮುರಿದುಕೊಂಡು ಕೊಡುತ್ತಿದ್ದೀರಿ. ಗಡಿಯಲ್ಲಿರುವ ಒಬ್ಬನ ಅಕ್ಕನಾಗಿ ನನಗೆ ಅದರ ಬೆಲೆ ಗೊತ್ತು. ಆದರೆ ಆ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿ. ಯೋಧರು ಅಂದರೆ ನಿಮ್ಮ ಅಂಗಡಿಯಲ್ಲಿ ಯಾರ‍್ಯಾರು, ಏನು ತೋರಿಸಿದರೆ ಸಾಕು ಅನ್ನುವುದನ್ನು ಬರೆಸಿ. ಆ ಸಾಲು ಇಲ್ಲದ್ದರಿಂದ ಆಗುವ ನೋವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ನೊಂದವರು ಜಗಳಕ್ಕೆ ನಿಲ್ಲುವ ಜನ ಅಲ್ಲ, ಪೂರ್ತಿ ಬಿಲ್ ಕೊಟ್ಟು ಎದ್ದು ಹೋಗುತ್ತಾರೆ.

ನನ್ನ ತಮ್ಮ ಬಿಎಸ್‌ಎಫ್‌ನಲ್ಲಿ, ಅಂದರೆ ಗಡಿ ಭದ್ರತಾ ಪಡೆಯಲ್ಲಿ ಇದ್ದಾನೆ. ಮೊದಲು ರಾಜಸ್ಥಾನದ ಗಡಿ, ಈಗ ಬಂಗಾಳದ ಕಡೆ. ಹಿಂದಿನ ಸಲ ರಜೆಗೆ ಬಂದಾಗ ಅವ್ವ, ಮಕ್ಕಳು ಎಲ್ಲರೂ ಸೇರಿ ಜಿಲ್ಲಾ ಕೇಂದ್ರದ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಬಾಗಿಲಲ್ಲೇ ರಿಯಾಯಿತಿಯ ಬೋರ್ಡು. ತಮ್ಮ ಬೇಡ ಅಂದರೂ ಕೇಳದೆ ಗಲ್ಲಾದ ಹತ್ತಿರ ಕಾರ್ಡು ತೋರಿಸು ಅಂತ ಹೇಳಿದವಳು ನಾನೇ. ಹುಡುಗ ಕಾರ್ಡನ್ನು ತಿರುಗಿಸಿ ನೋಡಿ, “ಇದು ಆರ್ಮಿದಲ್ರಿ ಸರ್. ನಿಮ್ದು ಪೊಲೀಸ್ ಡಿಪಾರ್ಟ್‌ಮೆಂಟ್ ಬರ್ತದಲ್ರಿ?” ಅಂದ. ತಮ್ಮ “ಹೌದ್ರಿ, ಇರ್ಲಿ ಬಿಡ್ರಿ” ಅಂತ ದುಡ್ಡು ಎಣಿಸಿ ಕೊಟ್ಟ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ತಮ್ಮ ಬೇರೆ ಏನೇನೋ ಮಾತಾಡಿದ, ಇದರ ಸುದ್ದಿ ಎತ್ತಲಿಲ್ಲ. ಅವ್ವ ಮಾತ್ರ ಹೋಟೆಲಿನಿಂದ ಹೊರಗೆ ಬಂದವಳೇ ಆ ಬೋರ್ಡನ್ನು ಮತ್ತೊಮ್ಮೆ ನಿಂತು ಓದಿದ್ದಳು.

ಹುಡುಗ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ, ಸರಿಯೂ ಅಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತವೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಎಸ್‌ಎಸ್‌ಬಿ, ಸಿಐಎಸ್‌ಎಫ್ ಇವೆಲ್ಲ ಗೃಹ ಸಚಿವಾಲಯದ ಕೆಳಗೆ, ಇವನ್ನೇ ಅರೆಸೇನಾ ಪಡೆಗಳು ಅನ್ನುವುದು. ಆದರೆ 1965ರ ಡಿಸೆಂಬರ್ 1ರಂದು ಹುಟ್ಟಿದ ಬಿಎಸ್‌ಎಫ್‌ಗೆ 1968ರಲ್ಲಿ ಮಾಡಿದ ಕಾಯ್ದೆಯೇ ಅದನ್ನು ಕೇಂದ್ರದ ಸಶಸ್ತ್ರ ಪಡೆ ಎಂದು ಕರೆಯುತ್ತದೆ. ಪಾಕಿಸ್ತಾನ, ಬಾಂಗ್ಲಾ ಗಡಿಯ ಬೇಲಿ ಕಾಯುವುದು ಅವರೇ. ಚೀನಾ ಗಡಿಯ ಹಿಮದಲ್ಲಿ ಐಟಿಬಿಪಿಯವರು, ನೇಪಾಳ ಮತ್ತು ಭೂತಾನ್ ಗಡಿಯಲ್ಲಿ ಎಸ್‌ಎಸ್‌ಬಿಯವರು ಇರುತ್ತಾರೆ.

ಸರ್ಕಾರದ ಸವಲತ್ತುಗಳಲ್ಲಿ ಮಾತ್ರ ಈ ಎರಡು ಸಚಿವಾಲಯಗಳ ನಡುವಿನ ಗೆರೆ ಬಹಳ ದಪ್ಪವಾಗಿದೆ. ನಾವೆಲ್ಲ ಮಿಲಿಟರಿ ಕ್ಯಾಂಟೀನ್ ಅನ್ನುತ್ತೇವಲ್ಲ, ಅದನ್ನು ನಡೆಸುವ ಸಿಎಸ್‌ಡಿ 1948ರಿಂದ ಇದೆ, ಮುಂಬೈನಲ್ಲಿ ಮುಖ್ಯ ಕಚೇರಿ. ಅರೆಸೇನಾ ಪಡೆಗಳಿಗೆ ತಮ್ಮದೇ ಕ್ಯಾಂಟೀನ್ ಅಂತ ಆದದ್ದು 2006ರಲ್ಲಿ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಎಸ್‌ಡಿಗೆ ಅರ್ಧ ತೆರಿಗೆಯ ವಿನಾಯಿತಿ ಸಿಕ್ಕಿತು. ಅರೆಸೇನಾ ಕ್ಯಾಂಟೀನಿಗೆ ಅದೇ ಅರ್ಧ ಸಿಗಲು 2024ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಒಂದೇ ಊರಿನ ಇಬ್ಬರು ಗೆಳೆಯರು, ಒಬ್ಬ ಆರ್ಮಿ, ಇನ್ನೊಬ್ಬ ಬಿಎಸ್‌ಎಫ್, ಒಂದೇ ಕಂಪನಿಯ ಪ್ರೆಶರ್ ಕುಕ್ಕರಿಗೆ ಬೇರೆ ಬೇರೆ ರೇಟು ಕೊಟ್ಟರು. ಪಿಂಚಣಿಯ ವಿಚಾರ ಇದಕ್ಕಿಂತ ದೊಡ್ಡದು. 2004ರ ಜನವರಿಯಿಂದ ಅರೆಸೇನಾ ಪಡೆಗೆ ಸೇರಿದವರನ್ನು ಹೊಸ ಪಿಂಚಣಿ ಪದ್ಧತಿಗೆ ಹಾಕಿದರು, ಸೇನೆಯವರಿಗೆ ಹಳೆಯದೇ ಉಳಿಯಿತು. 2012ರಲ್ಲಿ ನಿವೃತ್ತ ಅರೆಸೇನಾ ಸಿಬ್ಬಂದಿಗೂ ಒಂದು ಹೆಸರು, ಒಂದು ಗುರುತು ಅಂತ ಕೇಂದ್ರ ಕೊಟ್ಟಿತೇನೋ ನಿಜ. ಆದರೆ ಮಾಜಿ ಸೈನಿಕರಿಗೆ ಇರುವ ಸವಲತ್ತು ಅದರ ಜೊತೆಗೆ ಬರಲಿಲ್ಲ.

ಸರ್ಕಾರಕ್ಕೆ ಅದರದೇ ಬಜೆಟ್ಟು, ಅದರದೇ ಸಚಿವಾಲಯಗಳ ಕಟ್ಟುಪಾಡು ಇವೆ. ಅದರ ಜೊತೆ ಬೇರೆ ಕಡೆ ಬಡಿದಾಡೋಣ. ಆದರೆ ನಿಮ್ಮ ಗಲ್ಲಾಪೆಟ್ಟಿಗೆಗೆ ಯಾವ ಸಚಿವಾಲಯವೂ ಇಲ್ಲವಲ್ಲ. ಆ ಗೆರೆಯನ್ನು ನೀವೇಕೆ ನಿಮ್ಮ ಹೋಟೆಲಿನೊಳಗೆ ಎಳೆದುಕೊಳ್ಳುತ್ತೀರಿ?

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿಯಿಂದ ಆರು ದಿನಗಳ ಮೇಲೆ ಜೀವಂತ ಸಿಕ್ಕ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಅವರು ಉಳಿಯಲಿ ಅಂತ ಹರಕೆ ಹೊರದ ಮನೆ ಇರಲಿಲ್ಲ. ಫೆಬ್ರುವರಿ 11ರಂದು ಹೋದರು. ಮೂರು ವರ್ಷದ ಮೇಲೆ, 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸತ್ತ 40 ಜನರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಗುರು ಒಬ್ಬರು. ಹನುಮಂತಪ್ಪ ಸೇನೆಯವರು, ಗುರು ಸಿಆರ್‌ಪಿಎಫ್‌ನವರು. ಕರ್ನಾಟಕ ಇಬ್ಬರಿಗೂ ಅತ್ತಿತು. ಅಳುವಾಗ ಯಾರೂ ಯಾವ ಸಚಿವಾಲಯ ಅಂತ ಕೇಳಲಿಲ್ಲ. ಪುಲ್ವಾಮಾದ ವಾರದಲ್ಲಿ ಊರೂರಿನ ಅಂಗಡಿ ಮುಂದೆ ಶ್ರದ್ಧಾಂಜಲಿಯ ಬ್ಯಾನರ್ ಇತ್ತು. ಅದೇ ಅಂಗಡಿಗೆ ನಾಳೆ ಗುರು ಅವರ ಬೆಟಾಲಿಯನ್ನಿನವನೇ ಒಬ್ಬ ಬಂದು ಕಾರ್ಡ್ ಹಿಡಿದರೆ ‘ಇದು ಆರ್ಮಿದಲ್ಲ’ ಅನ್ನುವಂತಾಗಬಾರದು.

ಈ ರಿಯಾಯಿತಿ ಪದ್ಧತಿ ಬಲವಾಗಿ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿರುವ ನಮ್ಮ ಕನ್ನಡದವರಿಗೆ ಇದು ದಿನಾ ಕಾಣುವ ವಿಷಯ. ನವೆಂಬರ್ 11, ವೆಟರನ್ಸ್ ಡೇ ಬಂತೆಂದರೆ ದೊಡ್ಡ ದೊಡ್ಡ ರೆಸ್ಟೋರೆಂಟ್ ಸರಣಿಗಳು ಮಾಜಿ ಸೈನಿಕರಿಗೆ ಪುಕ್ಕಟೆ ಊಟ ಹಾಕುತ್ತವೆ. ಗೋಲ್ಡನ್ ಕೊರಲ್ ಅನ್ನುವ ಸರಣಿ ಇದಕ್ಕೇ ಒಂದು ಸಂಜೆ ಮೀಸಲಿಡಲು ಶುರು ಮಾಡಿದ್ದು 2001ರಲ್ಲಿ. ಲೋವ್ಸ್, ಹೋಮ್ ಡಿಪೋ ಅಂತ ಮನೆಕಟ್ಟುವ ಸಾಮಾನಿನ ಅಂಗಡಿಗಳು ಶೇ 10 ಬಿಡುತ್ತವೆ. ನನಗೆ ಅಲ್ಲಿನ ರಿಯಾಯಿತಿಗಿಂತ ಅವರು ಬರೆದಿಡುವ ಕ್ರಮ ಇಷ್ಟ. ಈಗ ಸೇವೆಯಲ್ಲಿರುವವರು, ಪೂರ್ತಿ ಸೇವೆ ಮುಗಿಸಿ ಪಿಂಚಣಿ ಪಡೆಯುವವರು, ಕೆಲವೇ ವರ್ಷ ದುಡಿದು ಗೌರವದಿಂದ ಹೊರಬಂದವರು, ಮೀಸಲು ಪಡೆಯವರು, ಗಂಡ ಅಥವಾ ಹೆಂಡತಿ, ಇವರಲ್ಲಿ ಯಾರಿಗೆ ಉಂಟು ಯಾರಿಗೆ ಇಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ. ಸೇವೆ ಬಿಡುವಾಗ ಸಿಗುವ ಡಿಡಿ-214 ಅನ್ನುವ ಕಾಗದ, ಇಲ್ಲವೇ ‘ವೆಟರನ್’ ಅಂತ ಅಚ್ಚಾದ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಆಯಿತು. ಅಲ್ಲಿಯ ಕಾನೂನಿನಲ್ಲಿ ಮಾಜಿ ಸೈನಿಕ ಅನ್ನಿಸಿಕೊಳ್ಳಲು ಇಪ್ಪತ್ತು ವರ್ಷ ಬೇಕಿಲ್ಲ. ಸಕ್ರಿಯ ಸೇವೆ ಮಾಡಿ, ಅಪಮಾನಕರವಾಗಿ ಹೊರಹಾಕಿಸಿಕೊಳ್ಳದೆ ಬಂದಿದ್ದರೆ ಅವನು ವೆಟರನ್.

ಅಲ್ಲೂ ಎಲ್ಲ ನೆಟ್ಟಗಿಲ್ಲ. ಸೇನೆಯಲ್ಲಿದ್ದ ಹೆಣ್ಣುಮಕ್ಕಳು ಕೌಂಟರಿನಲ್ಲಿ ನಿಂತರೆ ‘ಕಾರ್ಡು ನಿಮ್ಮ ಯಜಮಾನರದಾ?’ ಅಂತ ಕೇಳುತ್ತಾರೆ ಅನ್ನುವುದು ಅಲ್ಲಿನ ಮಹಿಳಾ ಮಾಜಿ ಸೈನಿಕರ ಹಳೆಯ ದೂರು. ನ್ಯಾಷನಲ್ ಗಾರ್ಡ್ ಅನ್ನುವ ಅಲ್ಲಿನ ಮೀಸಲು ಪಡೆಯಲ್ಲಿ ಇಪ್ಪತ್ತು ವರ್ಷ ಇದ್ದೂ, ಬೇಕಾದ ರೀತಿಯ ಸಕ್ರಿಯ ಸೇವೆ ಇರಲಿಲ್ಲ ಅನ್ನುವ ಕಾರಣಕ್ಕೆ ವೆಟರನ್ ಎಂಬ ಗೌರವ ಸಿಗದೆ ಉಳಿದವರಿದ್ದರು. ಅವರಿಗಾಗಿ 2016ರ ಡಿಸೆಂಬರಿನಲ್ಲಿ ಕಾನೂನೇ ಮಾಡಬೇಕಾಯಿತು. ಅದನ್ನು ಓದಿದಾಗ ನಮ್ಮ ಅರೆಸೇನಾ ಪಡೆಯ ನಿವೃತ್ತರೇ ಕಣ್ಣಮುಂದೆ ಬಂದರು. ಸುಳ್ಳು ಹೇಳಿ ಪಡೆಯುವವರ ಕಾಟವೂ ಅಲ್ಲಿ ಇದೆ. ಬಾರದ ಪದಕ ಬಂದಿದೆ ಎಂದು ಹೇಳಿಕೊಂಡು ಹಣವನ್ನೋ ಲಾಭವನ್ನೋ ಪಡೆದರೆ 2013ರ ಕಾಯ್ದೆ ಪ್ರಕಾರ ಅಪರಾಧ. ಇಷ್ಟಾದರೂ ಸುಳ್ಳರಿಗೆ ಹೆದರಿ ಅಂಗಡಿಯವರು ರಿಯಾಯಿತಿ ನಿಲ್ಲಿಸಿಲ್ಲ.

ಇನ್ನು ನಮ್ಮಲ್ಲಿ ಯಾರೂ ಬೋರ್ಡಿನಲ್ಲಿ ಬರೆಯದವರ ಬಗ್ಗೆ ಹೇಳಬೇಕು. ವೀರನಾರಿಯರು. ಗಂಡ ಬದುಕಿದ್ದಾಗ ಅವನ ಕಾರ್ಡಿನ ಮೇಲೆ ಬರುತ್ತಿದ್ದ ಮರ್ಯಾದೆ, ಅವನು ಹೋದ ಮೇಲೆ ಅವಳು ಒಬ್ಬಳೇ ಮಕ್ಕಳನ್ನು ಕರೆದುಕೊಂಡು ಬಂದಾಗ ಸಿಗುವುದಿಲ್ಲ. ಅವಳ ಹತ್ತಿರ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಕೊಟ್ಟ ಗುರುತಿನ ಚೀಟಿ ಇರುತ್ತದೆ, ಆದರೆ ಅದನ್ನು ತೆಗೆದು ತೋರಿಸುವುದು ಅಂದರೆ ನಾಲ್ಕು ಜನರ ಮುಂದೆ ತನ್ನ ಗಂಡ ಸತ್ತ ವಿಷಯ ಹೇಳಿಕೊಂಡ ಹಾಗೆ. ಯಾರು ತಾನೇ ಐವತ್ತು ರೂಪಾಯಿ ಉಳಿಸಲು ಅಷ್ಟು ಮಾಡಿಯಾರು? ರೈಲಿನಲ್ಲಿ ಯುದ್ಧದಲ್ಲಿ ಮಡಿದವರ ಪತ್ನಿಯರಿಗೆ ಎರಡನೇ ದರ್ಜೆ ಮತ್ತು ಸ್ಲೀಪರಿನಲ್ಲಿ ಶೇ 75 ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ವಿದ್ಯಾರ್ಥಿಗಳು, ರೋಗಿಗಳು, ಅಂಗವಿಕಲರನ್ನು ಬಿಟ್ಟು ಉಳಿದ ರಿಯಾಯಿತಿ ಟಿಕೆಟುಗಳನ್ನು ರೈಲ್ವೆ ನಿಲ್ಲಿಸಿದಾಗ ಅದೂ ನಿಂತಿತು. ಹಿರಿಯ ನಾಗರಿಕರ ರಿಯಾಯಿತಿ ಹೋಯಿತು ಅಂತ ದೇಶವೆಲ್ಲ ಮಾತಾಡಿತು, ಅದು ಸರಿಯೇ. ಇವರದು ಹೋದದ್ದು ಎಷ್ಟು ಜನಕ್ಕೆ ಗೊತ್ತಾಯಿತು? ನಿಮ್ಮ ಬೋರ್ಡಿನಲ್ಲಿ ಮೊದಲ ಹೆಸರು ಇವರದಿರಲಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಎರಡನೆಯವರು ಅಗ್ನಿವೀರರು, ಅಗ್ನಿಪಥ ಯೋಜನೆಯಲ್ಲಿ ಸೇನೆಗೆ ಸೇರಿದವರು. 2022ರ ಜೂನಿನಲ್ಲಿ ಯೋಜನೆ ಪ್ರಕಟವಾದಾಗಲೇ ನಿಯಮ ಸ್ಪಷ್ಟವಿತ್ತು. ನಾಲ್ಕು ವರ್ಷದ ಸೇವೆ, ಆಮೇಲೆ ಹೆಚ್ಚೆಂದರೆ ಶೇ 25 ಜನಕ್ಕೆ ಮುಂದುವರಿಯುವ ಅವಕಾಶ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ತೆಗೆದುಕೊಂಡು ಮನೆಗೆ. ಅವರಿಗೆ ಪಿಂಚಣಿ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಮೊದಲ ತಂಡದ ತರಬೇತಿ ಶುರುವಾದದ್ದು 2022ರ ಕೊನೆ, 2023ರ ಆರಂಭದಲ್ಲಿ. ಅಂದರೆ 2026 ಮುಗಿಯುವ ಹೊತ್ತಿಗೆ ಇವರು ಊರಿಗೆ ಬರತೊಡಗುತ್ತಾರೆ. ಇಪ್ಪತ್ತೆರಡು, ಇಪ್ಪತ್ತೈದರ ಹುಡುಗರು. ನಮ್ಮ ಓಣಿಯಲ್ಲೂ ಒಬ್ಬ ಇದ್ದಾನೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓಡಿ ಓಡಿ ಸೇರಿದವನು. ಗಡಿಯಲ್ಲಿ ಅವನಿಗೆ ಕೊಟ್ಟ ಬಂದೂಕು ಬೇರೆ ಜವಾನನಿಗೆ ಕೊಟ್ಟದ್ದಕ್ಕಿಂತ ಹಗುರವೇನೂ ಆಗಿರಲಿಲ್ಲ. ನಾಲ್ಕು ವರ್ಷ ಸಾಕೋ ಸಾಲದೋ ಅನ್ನುವ ಚರ್ಚೆ ದಿಲ್ಲಿಯದು. ನಿಮ್ಮ ಹೋಟೆಲಿಗೆ ಬಂದಾಗ ಅವನು ಸೇವೆ ಮುಗಿಸಿದ ಪತ್ರ ತೋರಿಸಿದರೆ ಅದೇ ಸಾಕಾಗಬೇಕು.

ನಮ್ಮವರಿಗೂ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬೇರೆಯವರು ಪ್ರೀತಿಯಿಂದ ಕೊಡುವುದನ್ನು ಹಕ್ಕು ಅಂತ ಕೇಳಬೇಡಿ. ಟೋಲ್ ಗೇಟಿನಲ್ಲಿ ನಿಂತು ಮಾಜಿ ಸೈನಿಕರ ಕಾರ್ಡ್ ತೋರಿಸಿ ಕೂಗಾಡುವುದನ್ನು ನಾನೇ ನೋಡಿದ್ದೇನೆ. 1901ರ ಟೋಲ್ ಕಾಯ್ದೆ ವಿನಾಯಿತಿ ಕೊಡುವುದು ಕರ್ತವ್ಯದ ಮೇಲಿರುವವರಿಗೆ, ನಿವೃತ್ತರಿಗೆ ಅಲ್ಲ. ಪರಮವೀರ ಚಕ್ರ, ಅಶೋಕ ಚಕ್ರದಿಂದ ಹಿಡಿದು ವೀರ ಚಕ್ರ, ಶೌರ್ಯ ಚಕ್ರದವರೆಗೆ ಶೌರ್ಯ ಪದಕ ಪಡೆದವರಿಗೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬೇರೆ ನಿಯಮದಡಿ ವಿನಾಯಿತಿ ಇದೆ. ಟೋಲಿನ ಹುಡುಗನ ಸಂಬಳ ಎಷ್ಟು ಅಂತ ನೆನಪಿಟ್ಟುಕೊಂಡು ಮಾತಾಡಿ. ಇನ್ನು ಕ್ಯಾಂಟೀನ್ ಬಾಟ್ಲಿಗಳ ವಿಚಾರ. ಕೋಟಾದ ರಮ್ಮು ಹೊರಗೆ ಮಾರುವುದಕ್ಕೆ ಅಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಮದುವೆ ಬಂದರೆ ಮೊದಲು ಫೋನ್ ಹೋಗುವುದು ಮಾಜಿ ಸೈನಿಕರ ಮನೆಗೆ. ಕೇಳುವವರದೂ ತಪ್ಪು, ಕೊಡುವವರದೂ ತಪ್ಪು. ಇದನ್ನು ನೋಡಿದ ಜನ ಮುಂದೆ ನಿಜವಾದ ಕಾರ್ಡನ್ನೂ ಅನುಮಾನದಿಂದಲೇ ನೋಡುತ್ತಾರೆ, ಅದರ ಏಟು ಬೀಳುವುದು ನನ್ನ ತಮ್ಮನಂಥವರಿಗೆ.

ಹೋಟೆಲಿನವರಿಗೆ ಇನ್ನೊಂದು ಎಚ್ಚರಿಕೆ, ಇದು ಬಹಳ ಮುಖ್ಯ. ಕಾರ್ಡ್ ನೋಡಿ, ವಾಪಸ್ ಕೊಡಿ. ಫೋಟೋ ಹೊಡೆಯಬೇಡಿ, ಜೆರಾಕ್ಸ್ ಇಟ್ಟುಕೊಳ್ಳಬೇಡಿ. ಯೋಧರ ಕಾರ್ಡಿನ ಫೋಟೋ ಇಟ್ಟುಕೊಂಡು, ವರ್ಗವಾಗಿದೆ, ಸ್ಕೂಟರ್ ಮಾರುತ್ತಿದ್ದೇನೆ ಅಂತ ಆನ್‌ಲೈನಿನಲ್ಲಿ ಜನರಿಗೆ ಟೋಪಿ ಹಾಕುವ ಜಾಲದ ಬಗ್ಗೆ ಪೊಲೀಸರು ಎಷ್ಟೋ ಸಲ ಹೇಳಿದ್ದಾರೆ. ಹಾಗೆಯೇ ಅವರನ್ನು ನಿಲ್ಲಿಸಿ ಶಾಲು ಹೊದಿಸಿ ಸ್ಟೇಟಸ್ಸಿಗೆ ಹಾಕುವುದೂ ಬೇಡ. ರಜೆಯಲ್ಲಿ ಬಂದವನು ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ ಅನ್ನುವುದು ಊರಿಗೆಲ್ಲ ಗೊತ್ತಾಗಬೇಕಿಲ್ಲ. ಕಾರ್ಡ್ ಇಲ್ಲದೆ ಬಂದವರು ನಿಜ ಹೇಳುತ್ತಿದ್ದಾರೆ ಅನ್ನಿಸಿದರೆ ಕೊಟ್ಟುಬಿಡಿ. ಒಬ್ಬ ಸುಳ್ಳ ಶೇ 10 ಹೊತ್ತುಕೊಂಡು ಹೋದರೆ ನಿಮ್ಮ ಅಂಗಡಿ ಮುಳುಗುವುದಿಲ್ಲ.

ಬೋರ್ಡಿಗೆ ನಾನು ಬರೆದಿಟ್ಟ ಒಕ್ಕಣೆ ಇದು, ಬೇಕಾದವರು ತೆಗೆದುಕೊಳ್ಳಿ:

‘ಹುತಾತ್ಮ ಯೋಧರ ಪತ್ನಿ, ತಂದೆತಾಯಿ, ಮಕ್ಕಳಿಗೆ, ಭೂಸೇನೆ, ನೌಕಾಪಡೆ, ವಾಯುಪಡೆ, ಕೋಸ್ಟ್ ಗಾರ್ಡ್, ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಎಸ್‌ಎಸ್‌ಬಿ, ಸಿಐಎಸ್‌ಎಫ್, ಅಸ್ಸಾಂ ರೈಫಲ್ಸ್‌ನ ಹಾಲಿ ಮತ್ತು ನಿವೃತ್ತ ಸಿಬ್ಬಂದಿಗೆ, ಸೇವೆ ಮುಗಿಸಿದ ಅಗ್ನಿವೀರರಿಗೆ ರಿಯಾಯಿತಿ ಇದೆ. ಯಾವುದಾದರೂ ಒಂದು ಗುರುತಿನ ಚೀಟಿ ಸಾಕು. ಜೊತೆಗೆ ಬಂದ ಮನೆಯವರ ಊಟಕ್ಕೂ ಅನ್ವಯ.’

ಇದನ್ನೇ ಚಿಕ್ಕದಾಗಿ ಪ್ರಿಂಟ್ ಹಾಕಿಸಿ ಗಲ್ಲಾದ ಒಳಗಡೆ, ಬಿಲ್ ಹಾಕುವ ಹುಡುಗನ ಕಣ್ಣಿಗೆ ಬೀಳುವ ಹಾಗೆ ಅಂಟಿಸಿ. ಫ್ಲೆಕ್ಸ್ ಅಳತೆಗೆ ಡಿಸೈನ್ ಮಾಡಿಸಿಟ್ಟಿದ್ದೇನೆ. ಬೇಕಾದವರು ಇನ್‌ಬಾಕ್ಸಿಗೆ ಬರೆಯಿರಿ, ನಿಮ್ಮ ಅಂಗಡಿಯ ಹೆಸರು ಸೇರಿಸಿ ಕಳಿಸಿಕೊಡುತ್ತೇನೆ.