ಪರದೆಯ ಮೂಲೆಯ ಆ ಸಾಲು ಅಲ್ಲೇ ಇರಲಿ

ಶಿರಸಿಯ ಅಡಿಕೆ ವ್ಯಾಪಾರಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುವುದು ನನ್ನ ಉದ್ಯೋಗ. ಹೊಸದೇನಾದರೂ ಸೇರಿಸಿದಾಗ, ಎಲ್ಲರಿಗೂ ಕೊಡುವ ಮೊದಲು ಪರಿಚಯದ ನಾಲ್ಕೈದು ಅಂಗಡಿಗಳಲ್ಲಿ ಪ್ರಾಯೋಗಿಕ ಆವೃತ್ತಿಯನ್ನು ಹಾಕಿಕೊಡುತ್ತೇನೆ. ಅದರ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ಪ್ರಾಯೋಗಿಕ ಪ್ರತಿ’ ಎಂಬ ಮಾತು, ಬಿಲ್ಡ್ ಸಂಖ್ಯೆ (ತಂತ್ರಾಂಶವನ್ನು ಹೊಸದಾಗಿ ಸಿದ್ಧಪಡಿಸಿದಾಗಲೆಲ್ಲ ಆ ಪ್ರತಿಗೆ ಕೊಡುವ ಸಂಖ್ಯೆ) ಮತ್ತು ದಿನಾಂಕ ಸಣ್ಣ ಅಕ್ಷರದಲ್ಲಿ ಇರುತ್ತವೆ. ಕಳೆದ ವರ್ಷ ಒಬ್ಬ ವ್ಯಾಪಾರಿ, “ಪಟ್ಟಿ ನೋಡಲು ಬಂದ ರೈತರು ಅದನ್ನೇ ಓದಿ ಅನುಮಾನಪಡುತ್ತಾರೆ, ಅದೊಂದು ಸಾಲು ತೆಗೆದುಬಿಡಿ ಮಾರಾಯ್ರೆ” ಎಂದರು. ಅವರ ಮಾತಿಗೆ ಒಪ್ಪಿ ತೆಗೆದೆ, ತೆಗೆಯಬಾರದಿತ್ತು.

ಹದಿನೈದು ದಿನ ಕಳೆದ ಮೇಲೆ ಅದೇ ಅಂಗಡಿಯಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಪರದೆಯ ಅರ್ಧಕ್ಕೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ ಬಿದ್ದಿತ್ತು. ಉಳಿದರ್ಧದಲ್ಲಿ ಬಿಳಿಗೋಟು ಎಂಬ ದರ್ಜೆಯ ಅಡಿಕೆಯ ತೂಕ, ಬೇರೆ ದರದ ಚಾಲಿ ಎಂಬ ದರ್ಜೆಯ ಕಾಲಂನಲ್ಲಿ ಕೂತಿದ್ದು ಕಾಣುತ್ತಿತ್ತು. ಆ ದೋಷವನ್ನು ನಾನು ಅಷ್ಟರಲ್ಲಿ ಸರಿಪಡಿಸಿ ಮುಂದಿನ ಬಿಲ್ಡನ್ನು ಕಳಿಸಿಯಾಗಿತ್ತು. ಆದರೆ ಅಂಗಡಿಯ ಎರಡು ಕಂಪ್ಯೂಟರ್‌ಗಳಲ್ಲಿ ಒಂದರಲ್ಲಿ ಹಳೆಯದೇ ಉಳಿದಿದೆ ಎಂಬುದು ಫೋಟೊ ನೋಡಿ ತಿಳಿಯುವಂತಿರಲಿಲ್ಲ. ಹೊಸ ಬಿಲ್ಡಿನಲ್ಲಿ ಇಲ್ಲವೇ ಇಲ್ಲದ ತಪ್ಪನ್ನು ಎರಡು ದಿನ ಹುಡುಕಿದೆ. ಅಷ್ಟರೊಳಗೆ ಒಬ್ಬ ರೈತರಿಗೆ ಬಿಳಿಗೋಟಿಗೆ ಚಾಲಿಯ ದರ ಹಾಕಿದ ಪಟ್ಟಿಯೂ ಹೋಗಿತ್ತು.

ಟೆಂಡರಿಗಿಟ್ಟ ಅಡಿಕೆಯ ಲಾಟಿಗೆ ಸಂಖ್ಯೆಯ ಚೀಟಿ ಇಲ್ಲದಿದ್ದರೆ ಅದು ಯಾರ ಮಾಲು ಎಂದು ಹೇಳಲಾಗದು. ಹಾಗೆಂದು ಚೀಟಿಯಿಂದ ಮಾಲಿನ ಅಂದ ಕೆಟ್ಟಿತು ಎಂದು ಯಾರೂ ದೂರುವುದಿಲ್ಲ. ಪರದೆಯ ಮೇಲಿನ ಸಾಲಿನ ಕೆಲಸವೂ ಅಷ್ಟೇ. ಬಳಸುವವರಿಗೆ ಬಿಲ್ಡ್ ಸಂಖ್ಯೆ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ, ಕೇಳಿದಾಗ ಹುಡುಕಿ ಓದಿ ಹೇಳಬೇಕಾಗಿಯೂ ಇಲ್ಲ; ಫೋಟೊ ತೆಗೆದರೆ ಅದು ತಾನಾಗಿ ಜೊತೆಗೆ ಬರುತ್ತದೆ.

ಮೈಕ್ರೋಸಾಫ್ಟ್ 2014ರಲ್ಲಿ ಇನ್‌ಸೈಡರ್ ಕಾರ್ಯಕ್ರಮ ಆರಂಭಿಸಿ ವಿಂಡೋಸಿನ ಪೂರ್ವ ಆವೃತ್ತಿಗಳನ್ನು ಸಾರ್ವಜನಿಕರ ಕೈಗೆ ಕೊಟ್ಟಾಗಲೂ ಡೆಸ್ಕ್‌ಟಾಪಿನ ಅದೇ ಮೂಲೆಯಲ್ಲಿ ‘ಇವ್ಯಾಲ್ಯುಯೇಷನ್ ಕಾಪಿ’ ಎಂಬ ಸಾಲು ಬಿಲ್ಡ್ ಸಂಖ್ಯೆಯೊಡನೆ ಇರುತ್ತಿತ್ತು. ಅಂಥ ಪ್ರತಿಗಳಿಗೆ ಅವಧಿಯೂ ಇರುತ್ತದೆ. ಆ ಸಾಲನ್ನು ಅಳಿಸುವ ಪುಟ್ಟ ಉಪಕರಣಗಳನ್ನು ಹುಡುಕಿ ಹಾಕಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅಳಿಸಿದ ಮಾತ್ರಕ್ಕೆ ಪ್ರತಿ ಪಕ್ವವಾಗುವುದಿಲ್ಲ, ಅವಧಿ ಮುಗಿಯುವುದೂ ತಪ್ಪುವುದಿಲ್ಲ.

ಇನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದು ಸೂಚಿಸುವ ‘ಬೀಟಾ’ ಎಂಬ ಪದ ಒಂದನ್ನೇ ಬರೆದರೆ ಮಾತ್ರ ನನಗೆ ಸಮಾಧಾನವಿಲ್ಲ. ಜಿಮೇಲ್ 2004ರಿಂದ 2009ರವರೆಗೆ ಆ ಪದವನ್ನು ತನ್ನ ಲಾಂಛನದಲ್ಲಿ ಹೊತ್ತುಕೊಂಡಿತ್ತು, ಕೋಟ್ಯಂತರ ಜನ ಅದನ್ನು ದಿನಬಳಕೆಯ ಅಂಚೆಯಾಗಿಯೇ ಬಳಸಿದರು. ಐದು ವರ್ಷ ಕಣ್ಣೆದುರಿಗಿದ್ದ ಪದ ಯಾರನ್ನು ತಾನೇ ಎಚ್ಚರಿಸೀತು? ದೋಷ ಹುಡುಕುವವನಿಗೆ ಬೇಕಾದದ್ದು ಸಂಖ್ಯೆ ಮತ್ತು ದಿನಾಂಕ. ಫೈರ್‌ಫಾಕ್ಸ್‌ನವರು ತಮ್ಮ ಬ್ರೌಸರಿನ ಪ್ರಾಯೋಗಿಕ ಆವೃತ್ತಿಗೆ ‘ನೈಟ್ಲಿ’ ಎಂದು ಹೆಸರನ್ನೂ ಚಿಹ್ನೆಯನ್ನೂ ಬೇರೆಯೇ ಮಾಡಿರುವುದು ಇನ್ನೂ ಒಳ್ಳೆಯ ಕ್ರಮ, ತೆರೆಯುವ ಮೊದಲೇ ಯಾವುದು ಯಾವುದೆಂದು ತಿಳಿಯುತ್ತದೆ.

ರೈತರ ಅನುಮಾನಕ್ಕೂ ಬೆಲೆ ಕೊಡಬೇಕು. ಪ್ರಾಯೋಗಿಕ ತಂತ್ರಾಂಶದಲ್ಲಿ ತಮ್ಮ ಲೆಕ್ಕವಾಗುತ್ತಿದೆ ಎಂದು ತಿಳಿದು ಇನ್ನೊಮ್ಮೆ ಕೂಡಿ ನೋಡುವ ಹಕ್ಕು ಅವರಿಗಿದೆ. ಆದ್ದರಿಂದ ಈ ಸಲದ ಪ್ರಾಯೋಗಿಕ ಆವೃತ್ತಿಯಲ್ಲಿ ಆ ಸಾಲು ಪರದೆಗೆ ಮರಳಿದೆ, ಮುದ್ರಿತ ಪಟ್ಟಿಯ ಕೆಳಗೂ ಬರುತ್ತದೆ.